ಮಂಡಾಜಿಗೆ ತಂದ ಈಸ್ಟ್: ಐದಕ್ಕೆ ಮೂರು ಸ್ಟಾರ್

ಪುಣೆಯ ಕೋಥ್ರೂಡ್‌ನಲ್ಲಿ ಮನೆ ಹತ್ತಿರದ ಅಂಗಡಿಯಿಂದ ಡ್ರೈ ಈಸ್ಟ್ ಪ್ಯಾಕೆಟ್ ತಂದೆ, ಮಂಡಾಜಿ ಮಾಡೋಣ ಅಂತ. ಕೀನ್ಯಾ, ಟಾಂಜಾನಿಯಾ ಕಡೆ ಚಹಾ ಜೊತೆ ತಿನ್ನುವ ಕರಿದ ತಿಂಡಿ ಇದು. ಮೈದಾ, ತೆಂಗಿನ ಹಾಲು, ಏಲಕ್ಕಿ, ಸ್ವಲ್ಪ ಸಕ್ಕರೆ, ನಮ್ಮ ಮಂಗಳೂರು ಬನ್ಸ್‌ಗೆ ದೂರದ ಅಣ್ಣ ಅನ್ನಿ, ಬಾಳೆಹಣ್ಣು ಮಾತ್ರ ಇಲ್ಲ.

ಮೊದಲ ಪ್ಯಾಕೆಟ್ ಸತ್ತೇ ಹೋಗಿತ್ತು. ಎರಡು ಗಂಟೆ ಕಾದರೂ ಹಿಟ್ಟು ಅಲ್ಲಾಡಲಿಲ್ಲ, ಕರಿದರೆ ಶಂಕರಪೋಳಿಗಿಂತ ಗಟ್ಟಿ! ಅಂಗಡಿಯವರು ಮಾತಾಡದೆ ಬದಲಿಸಿ ಕೊಟ್ಟರು, ಆ ಮೂರು ಸ್ಟಾರ್ ಅದಕ್ಕೇ.

ಎರಡನೇದನ್ನು ನಂಬಲಿಲ್ಲ. ಉಗುರುಬೆಚ್ಚಗಿನ ನೀರಿಗೆ ಚಿಟಿಕೆ ಸಕ್ಕರೆ ಹಾಕಿ ಒಂದು ಚಮಚ ಕದಡಿ ನೋಡಿದೆ, 10 ನಿಮಿಷಕ್ಕೆ ಬಟ್ಟಲು ತುಂಬಾ ನೊರೆ. ಈ ಸಲ ಹಿಟ್ಟು ಎರಡರಷ್ಟಾಯಿತು. ದಪ್ಪಗೆ ಲಟ್ಟಿಸಿ ತ್ರಿಕೋನವಾಗಿ ಕತ್ತರಿಸಿ ಎಣ್ಣೆಗೆ ಬಿಟ್ಟರೆ ಮೊದಲು ಮುಳುಗಿ, ಆಮೇಲೆ ಮೇಲೆ ಬಂದು ಪುಟ್ಟ ದಿಂಬಿನ ಹಾಗೆ ಉಬ್ಬಿತು. ಉರಿ ಮಧ್ಯಮ ಇರಲಿ, ಜಾಸ್ತಿ ಆದರೆ ಹೊರಗೆ ಕಪ್ಪು, ಒಳಗೆ ಹಸಿ.

ಹಾಂ, ಪ್ಯಾಕೆಟ್ ಒಡೆದ ಮೇಲೆ ಮುಚ್ಚಲು ಜಿಪ್ ಇಲ್ಲ. ಇದೂ ಒಂದು ಕಿರಿಕಿರಿ ಅಲ್ವಾ? ನಾನು ಉಪ್ಪಿನಕಾಯಿ ಬಾಟಲಿ ತೊಳೆದು ಒಣಗಿಸಿ, ಅದಕ್ಕೆ ತುಂಬಿ ಫ್ರಿಜ್‌ನಲ್ಲಿಟ್ಟಿದ್ದೇನೆ.