ಎರಡು ‘ಊ’ ನಂಬಿ ತಗೊಂಡ 4 ನ್ಯಾನೋಮೀಟರ್ ಫೋನ್: ಎರಡು ವರ್ಷದ ಬಳಕೆ

ಕಂಪನಿ ಹೆಸರು ಬೇಡ, ಈ ಆಟ ಎಲ್ಲರೂ ಆಡುತ್ತಾರೆ. ನನ್ನದು ದಾವಣಗೆರೆ ಎಪಿಎಂಸಿಯಲ್ಲಿ ಮೆಕ್ಕೆಜೋಳದ ವ್ಯಾಪಾರ. ಕಾಳಿನ ಫೋಟೋ ಕಳಿಸೋದು, ರೇಟ್ ಮಾತಾಡೋದು, ದುಡ್ಡು ಹಾಕೋದು, ಬೆಳಗ್ಗೆಯಿಂದ ಸಂಜೆವರೆಗೆ ಎಲ್ಲ ಫೋನಲ್ಲೇ. ಹಳೇದು 7 ನ್ಯಾನೋಮೀಟರ್ ಚಿಪ್, ಇದು 4 (ಚಿಪ್ಪಿನೊಳಗಿನ ಭಾಗಗಳು ಎಷ್ಟು ಸಣ್ಣ ಅಂತ ಹೇಳೋ ನಂಬರ್ ಅಂತಾರೆ, ಕಮ್ಮಿ ಇದ್ದಷ್ಟೂ ಹೊಸದು). ‘ಅಣ್ಣ, ಸ್ಪೀಡೂ ಜಾಸ್ತಿ, ಬ್ಯಾಟರೀನೂ ಉಳಿಯುತ್ತೆ’ ಅಂದ ಅಂಗಡಿ ಹುಡುಗ. ತಗೊಂಡೆ.

ಆ ಎರಡು ‘ಊ’ಗಳಲ್ಲೇ ಇದೆ ಎಡವಟ್ಟು. ಚಿಪ್ ತಯಾರಿಸುವ ಟಿಎಸ್‌ಎಂಸಿ 7ರಿಂದ 5ಕ್ಕೆ ಬಂದಾಗ ಹೇಳಿದ್ದು ಬೇರೆ: ಅಷ್ಟೇ ಕರೆಂಟಿಗೆ ಶೇ 15 ವೇಗ ಜಾಸ್ತಿ, ಅಥವಾ ಅಷ್ಟೇ ವೇಗಕ್ಕೆ ಶೇ 30 ಕರೆಂಟ್ ಕಮ್ಮಿ. ಎರಡರಲ್ಲಿ ಒಂದು. (ಅವರ 4 ಕೂಡ 5ನ್ನೇ ತಿದ್ದಿ ತೀಡಿದ್ದು.) ಫೋನ್ ತಯಾರಿಸುವವರು ಸ್ಪೀಡ್ ಟೆಸ್ಟಿನಲ್ಲಿ ದೊಡ್ಡ ಸ್ಕೋರ್ ತೋರಿಸಬೇಕಲ್ಲ, ವೇಗವನ್ನು ಮೇಲಕ್ಕೆ ಎಳೆಯುತ್ತಾರೆ, ಉಳಿಯಬೇಕಿದ್ದ ಕರೆಂಟ್ ಅಲ್ಲೇ ಕರಗುತ್ತೆ. ಜಾಹೀರಾತಿನಲ್ಲಿ ಮಾತ್ರ ಎರಡೂ ಅಂಕಿ ಅಕ್ಕಪಕ್ಕ.

ಮೊನ್ನೆ ಎರಡೂ ಫೋನ್ ಇಟ್ಟುಕೊಂಡು ಅಳೆದೆ. ನೆಟ್‌ವರ್ಕ್ ಆಫ್, ಬೆಳಕು ಕಣ್ಣಳತೆಯಲ್ಲಿ ಒಂದೇ, ಒಂದು ಗಂಟೆ ಒಂದೇ ವಿಡಿಯೋ. 4,500 ಎಂಎಎಚ್ (ಬ್ಯಾಟರಿ ಎಷ್ಟು ಚಾರ್ಜ್ ಹಿಡಿಯುತ್ತೆ ಅನ್ನೋ ಅಳತೆ) ಹಳೇ ಬ್ಯಾಟರಿ ಶೇ 8 ಇಳಿಯಿತು, 5,000ದ ಹೊಸದು ಶೇ 6. ಅಂದರೆ 360ಕ್ಕೆ 300 ಎಂಎಎಚ್. ಹಳೇ ಬ್ಯಾಟರಿ ಸವೆದಿದೆ, ಹಾಗಾಗಿ ಅದು ತಿಂದದ್ದು ನಿಜಕ್ಕೂ 360ಕ್ಕಿಂತ ಕಮ್ಮಿಯೇ ಇರಬೇಕು. ಆಮೇಲೆ ಮಗನ ಗೇಮ್ ಅರ್ಧ ಗಂಟೆ ಹಾಕಿದೆ, ಹಳೇದು ಶೇ 10, ಹೊಸದು ಶೇ 11! ಜಾಸ್ತಿ ತಿಂದದ್ದು ಹೊಸದೇ. ಗೇಮ್ ಸಲೀಸಾಗಿ ಓಡಿತು, ಅದು ನಿಜ, ಆದರೆ ಹಿಂಬದಿ ಮುಟ್ಟಿದರೆ ಆಗಷ್ಟೇ ಕಾವಲಿಯಿಂದ ಇಳಿಸಿದ ಬೆಣ್ಣೆದೋಸೆ. ಇದು ಲ್ಯಾಬ್ ಟೆಸ್ಟ್ ಅಲ್ಲ, ಪರದೆ ಎಷ್ಟು ತಿಂತು, ಚಿಪ್ ಎಷ್ಟು ತಿಂತು ಅಂತ ಬೇರೆ ಮಾಡೋಕೆ ನನಗೆ ಆಗಲ್ಲ.

ನ್ಯಾನೋಮೀಟರ್ ಅನ್ನೋದೂ ಈಗ ಅಳತೆ ಅಲ್ಲ, ಬರೀ ಹೆಸರು. 2021ರಲ್ಲಿ ಚಿಪ್ ಕಂಪನಿ ಇಂಟೆಲ್ ತನ್ನ 10 ನ್ಯಾನೋಮೀಟರಿನ ಸುಧಾರಿಸಿದ ಆವೃತ್ತಿಗೆ ‘ಇಂಟೆಲ್ 7’ ಅಂತ ನಾಮಕರಣ ಮಾಡಿತಲ್ಲ! ತೂಕದ ಕಲ್ಲಿನ ಮೇಲೆ ಹೀಗೆ ನಂಬರ್ ಬದಲಿಸಿದರೆ ನಮ್ಮ ಯಾರ್ಡಲ್ಲಿ ರೈತರು ಸುಮ್ನೆ ಬಿಡ್ತಾರಾ?

ಏಪ್ರಿಲ್ ಮಧ್ಯಾಹ್ನ ಚೀಲದ ಮೇಲೆ ಇಟ್ಟು ಮಾತಾಡಿದರೆ ಹತ್ತು ನಿಮಿಷಕ್ಕೆ ಬಿಸಿಗೆ ಪರದೆ ಮಂಕಾಗುತ್ತೆ. ಈಗ ಬ್ಯಾಟರಿ ಸೇವರ್ ಹಾಕಿಯೇ ಬಳಸುತ್ತೇನೆ, ವೇಗ ಇಳಿಯುತ್ತೆ, ನನ್ನ ಕೆಲಸಕ್ಕೆ ಏನೂ ಕಮ್ಮಿ ಆಗಿಲ್ಲ, ರಾತ್ರಿ ಒಂಬತ್ತರವರೆಗೂ ಚಾರ್ಜ್ ಬರುತ್ತೆ. ಕ್ಯಾಮೆರಾಗೆ ಪೂರ್ತಿ ಮಾರ್ಕು, ಕಾಳಿನ ಬಣ್ಣ ಇದ್ದ ಹಾಗೇ ಬರುತ್ತೆ. ಸ್ಪೀಕರ್ ಗೊರಗೊರ ಅನ್ನುತ್ತೆ, ಒಳಗೆ ಜೋಳದ ಧೂಳು ಕೂತಿದೆ, ಅದು ಫೋನಿನ ತಪ್ಪಲ್ಲ.