ಅಸಮತೆ ಬಿಡಿಸೋಕೆ ಮೂರು ದಾರಿ: ಸಂಖ್ಯಾರೇಖೆ ಎಳೆಯುವಾಗ ಯಾವುದು ಕೈ ಕೊಡಲ್ಲ?

ಅಸಮತೆ ಲೆಕ್ಕಗಳು, ಅಂದರೆ ಸಮ ಚಿಹ್ನೆಯ ಬದಲು ≤, ≥ ತರಹದ ಚಿಹ್ನೆ ಇರುವ ಲೆಕ್ಕಗಳು, ಐಸಿಎಸ್‌ಇ ಮಕ್ಕಳಿಗೆ ಹತ್ತನೇ ತರಗತಿಯಲ್ಲಿ ಬರುತ್ತವೆ, ಉಳಿದವರಿಗೆ ಹೆಚ್ಚಾಗಿ ಮೊದಲ ಪಿಯುಸಿಯಲ್ಲಿ. ನನ್ನ ಹತ್ತಿರ ಸಂಜೆ ಟ್ಯೂಷನ್‌ಗೆ ಎರಡೂ ಕಡೆಯವರು ಬರುತ್ತಾರೆ. ಹಾಗಾಗಿ ಒಂದೇ ಲೆಕ್ಕವನ್ನು ಮೂರು ದಾರಿಯಲ್ಲಿ ಹೇಳಿಕೊಟ್ಟು ನೋಡಿದ್ದೇನೆ. ಉತ್ತರ ಮೂರರಲ್ಲೂ ಒಂದೇ. ಮಕ್ಕಳು ಎಡವುವ ಜಾಗ ಮಾತ್ರ ಒಂದೊಂದರಲ್ಲೂ ಬೇರೆ. ಯಾವ ದಾರಿ ಒಳ್ಳೆಯದು ಅಂತ ಹೇಳಬೇಕಾದರೆ ಆ ಜಾಗವನ್ನೇ ನೋಡಬೇಕು.

ಲೆಕ್ಕ ಇದು: 7 − 3ಎಕ್ಸ್ ≤ 19.

ಮೊದಲನೆಯದು ಎಲ್ಲರೂ ಕಲಿಸುವ ದಾರಿ. ಎರಡೂ ಕಡೆ 7 ಕಳೆದರೆ −3ಎಕ್ಸ್ ≤ 12. ಈಗ −3ರಿಂದ ಭಾಗಿಸಬೇಕು, ಮೈನಸ್ ಸಂಖ್ಯೆಯಿಂದ ಭಾಗಿಸಿದರೆ ಚಿಹ್ನೆ ತಿರುಗುತ್ತದೆ, ಅಂದರೆ ಎಕ್ಸ್ ≥ −4. ಎರಡೇ ಸಾಲು, ಮುಗೀತು. ವೇಗದಲ್ಲಿ ಇದನ್ನು ಮೀರಿಸೋದು ಕಷ್ಟ. ತೊಂದರೆ ಏನಂದರೆ, ಚಿಹ್ನೆ ತಿರುಗಿಸೋದನ್ನು ಮರೆಯುವ ಮಕ್ಕಳಷ್ಟೇ ಸುಮ್ನೆ ಸುಮ್ನೆ ತಿರುಗಿಸುವ ಮಕ್ಕಳೂ ಇರುತ್ತಾರೆ. 3ಎಕ್ಸ್ ≤ −12 ಕೊಟ್ಟು ನೋಡಿ. ಇಲ್ಲಿ ಭಾಗಿಸುತ್ತಿರುವುದು ಪ್ಲಸ್ 3ರಿಂದ, ಚಿಹ್ನೆ ಇದ್ದ ಹಾಗೇ ಇರಬೇಕು, ಎಕ್ಸ್ ≤ −4. ಆದರೆ ಬಲಗಡೆ ಮೈನಸ್ ಕಂಡ ಕೂಡಲೇ "ಮಿಸ್, ಮೈನಸ್ ಇದೆಯಲ್ವಾ" ಅಂತ ತಿರುಗಿಸಿಬಿಡುತ್ತಾರೆ. ನಿಯಮ ಬಾಯಿಪಾಠ ಆಗಿದೆ, ಯಾಕೆ ಅಂತ ತಲೆಗೆ ಹೋಗಿಲ್ಲ.

ಯಾಕೆ ಅನ್ನೋದನ್ನು ಸಂಖ್ಯಾರೇಖೆಯಲ್ಲೇ ತೋರಿಸಬಹುದು. 2 ಮತ್ತು 5 ಗುರುತು ಮಾಡಿ. 5 ಬಲಗಡೆ ಇದೆ, ಅದಕ್ಕೇ 2 < 5. ಎರಡನ್ನೂ −1ರಿಂದ ಗುಣಿಸಿದರೆ ಸೊನ್ನೆಯ ಜಾಗದಲ್ಲಿ ಕನ್ನಡಿ ಹಿಡಿದ ಹಾಗೆ ಎರಡೂ ಆಚೆ ಬದಿಗೆ ಹೋಗುತ್ತವೆ. ದೂರ ಇದ್ದ 5 ಈಗ ಎಡಗಡೆ ದೂರಕ್ಕೆ ಹೋಯಿತು, −2 ಅದರ ಬಲಕ್ಕೆ ಬಂತು. ಅದಕ್ಕೇ −2 > −5. ಇದನ್ನು ಒಮ್ಮೆ ಕೈಯಾರೆ ಗುರುತು ಮಾಡಿದ ಮಕ್ಕಳು ನಿಯಮ ಮರೆಯೋದು ಕಡಿಮೆ. ಈ ಹಂತ ಬಿಟ್ಟು ನಿಯಮ ಬರೆಸೋದು ನನಗೆ ಒಪ್ಪಿಗೆ ಇಲ್ಲ.

ಎರಡನೇ ದಾರಿಯಲ್ಲಿ ತಿರುಗಿಸುವ ಪ್ರಶ್ನೆಯೇ ಬರಲ್ಲ. ಮೈನಸ್ ಇರುವ −3ಎಕ್ಸ್ ಅನ್ನು ಆಚೆ ಕಡೆ ಕಳಿಸಿ ಪ್ಲಸ್ ಮಾಡಿಕೊಳ್ಳೋದು, 19 ಅನ್ನು ಈಚೆ ತರೋದು. 7 − 19 ≤ 3ಎಕ್ಸ್, ಅಂದರೆ −12 ≤ 3ಎಕ್ಸ್, ಅಂದರೆ −4 ≤ ಎಕ್ಸ್. ಇದನ್ನು ಹೇಳಿಕೊಟ್ಟಾಗ ಮಕ್ಕಳ ಮುಖದಲ್ಲಿ ನಿರಾಳ ಕಾಣುತ್ತದೆ. ಆದರೆ ರೇಖೆ ಎಳೆಯುವಾಗ ಹೊಸ ತಾಪತ್ರಯ ಶುರುವಾಗುತ್ತದೆ. "ಚಿಹ್ನೆಯ ಮೂತಿ ಯಾವ ಕಡೆಗೋ ಬಾಣವೂ ಆ ಕಡೆಗೇ" ಅಂತ ಒಂದು ಸುಲಭ ಸೂತ್ರ ಮಕ್ಕಳ ನಡುವೆ ಓಡಾಡುತ್ತಿರುತ್ತದೆ. ಎಕ್ಸ್ ಎಡಗಡೆ ಇದ್ದಾಗ ಅದು ಸರಿ. −4 ≤ ಎಕ್ಸ್ ಅಂತ ಬಂದಾಗ ಅದೇ ಸೂತ್ರ ಹಿಡಿದು −4ರಿಂದ ಎಡಕ್ಕೆ ಬಾಣ ಎಳೆದುಬಿಡುತ್ತಾರೆ. ಲೆಕ್ಕ ಸರಿ, ಚಿತ್ರ ತಪ್ಪು. ಹಾಗಾಗಿ ಈ ದಾರಿ ಹಿಡಿದವರು ಕೊನೆಗೆ ಇನ್ನೊಂದು ಸಾಲು ಸೇರಿಸಿ ಎಕ್ಸ್ ≥ −4 ಅಂತ ಬರೆಯಲೇಬೇಕು. ಜೊತೆಗೆ −5 ≤ 1 − 2ಎಕ್ಸ್ < 7 ತರಹ ಎರಡು ಚಿಹ್ನೆ ಇರುವ ಲೆಕ್ಕ ಬಂದರೆ ಎರಡು ತುಂಡು ಮಾಡಿಕೊಂಡು ಬೇರೆ ಬೇರೆ ಬಿಡಿಸಬೇಕಾಗುತ್ತದೆ. ಅಲ್ಲಿ ಮೊದಲ ದಾರಿಯೇ ಚೆನ್ನ: ಎಲ್ಲ ಕಡೆ 1 ಕಳೆದು −6 ≤ −2ಎಕ್ಸ್ < 6, ಆಮೇಲೆ −2ರಿಂದ ಭಾಗಿಸಿ ಎರಡೂ ಚಿಹ್ನೆ ತಿರುಗಿಸಿದರೆ −3 < ಎಕ್ಸ್ ≤ 3. ರೇಖೆಯಲ್ಲಿ −3ಕ್ಕೆ ಖಾಲಿ ಚುಕ್ಕೆ (ಅದು ಉತ್ತರದಲ್ಲಿ ಸೇರಲ್ಲ), 3ಕ್ಕೆ ತುಂಬಿದ ಚುಕ್ಕೆ (ಅದು ಸೇರುತ್ತದೆ), ನಡುವೆ ದಪ್ಪ ಗೆರೆ.

ಮೂರನೆಯದು ನನಗೆ ತುಂಬಾ ಇಷ್ಟ. ಚಿಹ್ನೆಯನ್ನು ಸ್ವಲ್ಪ ಹೊತ್ತು ಬದಿಗಿಟ್ಟು ಸಮ ಅಂತ ಬರೆಯಿರಿ: 7 − 3ಎಕ್ಸ್ = 19. ಎಕ್ಸ್ = −4 ಬಂತು, ಅದೇ ಗಡಿ. ಮೊದಲು ಅದನ್ನು ರೇಖೆಯಲ್ಲಿ ಗುರುತು ಮಾಡಿ. ಮೂಲ ಲೆಕ್ಕದಲ್ಲಿ ≤ ಇರುವುದರಿಂದ ಚುಕ್ಕೆ ತುಂಬಿ. ಈಗ ಗಡಿಯ ಒಂದು ಬದಿಯಿಂದ ಸಲೀಸಾದ ಸಂಖ್ಯೆ ತಗೊಳ್ಳಿ, ಇಲ್ಲಿ ಸೊನ್ನೆ. 7 − 0 ≤ 19, ನಿಜ. ಹಾಗಾದರೆ ಸೊನ್ನೆ ಇರುವ ಬದಿಯೇ ಉತ್ತರ, ಬಾಣ ಬಲಕ್ಕೆ. ಇನ್ನೊಂದು ಬದಿಯಿಂದ −5 ಹಾಕಿದರೆ 22 ≤ 19, ಸುಳ್ಳು. ಚಿಹ್ನೆ ತಿರುಗಿಸೋದೂ ಇಲ್ಲ, ಮೂತಿ ನೋಡೋದೂ ಇಲ್ಲ.

ಇದರ ನಿಜವಾದ ಬಲ ಗೊತ್ತಾಗೋದು ಎಕ್ಸ್ ಛೇದದಲ್ಲಿ ಬಂದಾಗ. 6/ಎಕ್ಸ್ < 2 ತಗೊಳ್ಳಿ. ಮೊದಲ ದಾರಿಯ ಅಭ್ಯಾಸದಲ್ಲಿ ಎರಡೂ ಕಡೆ ಎಕ್ಸ್‌ನಿಂದ ಗುಣಿಸಿ 6 < 2ಎಕ್ಸ್, ಎಕ್ಸ್ > 3 ಅಂತ ಬರೆದು ಮುಂದೆ ಹೋಗುತ್ತಾರೆ. ಆದರೆ ಎಕ್ಸ್ ಪ್ಲಸ್ಸೋ ಮೈನಸ್ಸೋ ಗೊತ್ತೇ ಇಲ್ಲದೆ ಗುಣಿಸೋದು ಹೇಗೆ? −1 ಹಾಕಿ ನೋಡಿ: −6 < 2, ನಿಜ. ಅಂದರೆ ಮೈನಸ್ ಸಂಖ್ಯೆಗಳು ಪೂರ್ತಿ ಬಿಟ್ಟುಹೋದವು. ಗಡಿ ದಾರಿಯಲ್ಲಿ 6/ಎಕ್ಸ್ = 2 ಆಗುವ 3 ಒಂದು ಗಡಿ, ಛೇದ ಸೊನ್ನೆಯಾಗುವ 0 ಇನ್ನೊಂದು ಗಡಿ. ರೇಖೆ ಮೂರು ಭಾಗ ಆಯಿತು. −1 ನಿಜ, 1 ಹಾಕಿದರೆ 6 < 2 ಸುಳ್ಳು, 4 ಹಾಕಿದರೆ 1.5 < 2 ನಿಜ. ಉತ್ತರ ಎಕ್ಸ್ < 0 ಅಥವಾ ಎಕ್ಸ್ > 3, ಎರಡೂ ಕಡೆ ಖಾಲಿ ಚುಕ್ಕೆ. ಮುಂದೆ ವರ್ಗ ಇರುವ ಅಸಮತೆ ಬಂದಾಗಲೂ ಇದೇ ದಾರಿ ನಡೆಯುತ್ತದೆ, ಹೊಸದಾಗಿ ಕಲಿಯೋದು ಕಡಿಮೆ. ಕೊರತೆ ಅಂದರೆ ಸಮಯ ಜಾಸ್ತಿ ಬೇಕು, ಮತ್ತು ಕೆಲವರು ಗಡಿಯ ಸಂಖ್ಯೆಯನ್ನೇ ಹಾಕಿ ಪರೀಕ್ಷೆ ಮಾಡಿ ಗೊಂದಲಕ್ಕೆ ಬೀಳುತ್ತಾರೆ.

ಚಿತ್ರ ಬಿಡಿಸೋಕೆ ಚೌಕಳಿ ಪುಸ್ತಕ ಮತ್ತು ಪೆನ್ಸಿಲ್ ಒಂದು ಕಡೆ, ಡೆಸ್ಮೋಸ್ ಮತ್ತು ಜಿಯೋಜೀಬ್ರಾ ಅನ್ನುವ ಗ್ರಾಫ್ ಎಳೆಯುವ ಆ್ಯಪ್‌ಗಳು ಇನ್ನೊಂದು ಕಡೆ. ಡೆಸ್ಮೋಸ್‌ನಲ್ಲಿ ಎಕ್ಸ್ > 2 ಅಂತ ಹಾಕಿದರೆ ರೇಖೆ ಬರಲ್ಲ. ಸಮತಲದ ಅರ್ಧ ಭಾಗಕ್ಕೆ ಬಣ್ಣ ತುಂಬುತ್ತದೆ, 2ರ ಜಾಗದಲ್ಲಿ ತುಂಡು ತುಂಡು ಲಂಬ ಗೆರೆ ಬರುತ್ತದೆ. ≥ ಹಾಕಿದರೆ ಆ ಗೆರೆ ಪೂರ್ತಿ ಆಗುತ್ತದೆ. ಚುಕ್ಕೆ ಹುಡುಕುವ ಮಗುವಿಗೆ ಇದು ಗಲಿಬಿಲಿ. ಜಿಯೋಜೀಬ್ರಾದಲ್ಲಿ ಸೆಟ್ಟಿಂಗ್ಸ್‌ಗೆ ಹೋಗಿ ಎಕ್ಸ್ ಅಕ್ಷದ ಮೇಲೆ ಮಾತ್ರ ತೋರಿಸು ಅನ್ನುವುದನ್ನು ಆರಿಸಿಕೊಂಡರೆ ಸಂಖ್ಯಾರೇಖೆಗೆ ಹತ್ತಿರದ ಚಿತ್ರ ಸಿಗುತ್ತದೆ, ಹಾಗಾಗಿ ಈ ಪಾಠಕ್ಕೆ ನನ್ನ ಮತ ಅದಕ್ಕೇ. ಎರಡೂ ಉಚಿತ.

ಆದರೆ ಹೊಸದಾಗಿ ಕಲಿಯುವಾಗ ಪೆನ್ಸಿಲ್ಲೇ ಬೇಕು. ಒಂದು ಕಾರಣ ಇದೆ. 30ಎಕ್ಸ್ < 200, ಎಕ್ಸ್ ಸ್ವಾಭಾವಿಕ ಸಂಖ್ಯೆ ಅಂತ ಕೇಳಿದರೆ ಉತ್ತರ 1ರಿಂದ 6ರವರೆಗೆ ಆರು ಬಿಡಿ ಚುಕ್ಕೆಗಳು ಅಷ್ಟೇ. ಸುಮ್ನೆ ಅಸಮತೆ ಮಾತ್ರ ಹಾಕಿದರೆ ಆ್ಯಪ್‌ಗೆ ಈ ಷರತ್ತು ಗೊತ್ತಾಗಲ್ಲ, ಅದು ಉದ್ದಕ್ಕೂ ಬಣ್ಣ ಬಳಿಯುತ್ತದೆ. ಪ್ರಶ್ನೆಯಲ್ಲಿ ಎಕ್ಸ್ ಯಾವ ಗುಂಪಿನದು ಅಂತ ಓದದೆ ಗೆರೆ ಎಳೆದು ಅಂಕ ಕಳೆದುಕೊಳ್ಳುವವರು ಬಹಳ.

ಪರೀಕ್ಷೆಗೆ ಹೋಗುವವರಿಗೆ ನಾನು ಹೇಳೋದು ಇಷ್ಟು: ಉತ್ತರವನ್ನು ಮೊದಲ ದಾರಿಯಲ್ಲೇ ಬರೆಯಿರಿ, ಪರೀಕ್ಷೆಯಲ್ಲಿ ಸಮಯ ಕಡಿಮೆ. ಬಾಣ ಎಳೆಯುವ ಮುಂಚೆ ಮಾತ್ರ ಸೊನ್ನೆಯಂಥ ಒಂದು ಸಲೀಸಾದ ಸಂಖ್ಯೆಯನ್ನು ಮೂಲ ಲೆಕ್ಕಕ್ಕೆ ಹಾಕಿ ನೋಡಿ, ನೀವು ತಿರುಗಿಸಿದ ಮೇಲಿನ ಸಾಲಿಗೆ ಅಲ್ಲ. ಗಡಿ ಸೊನ್ನೆಯೇ ಆಗಿದ್ದರೆ 1 ಹಾಕಿ.