ಕಾಮೊಡೋರ್ 1541 ಡ್ರೈವ್: ಕಟಕಟ ಸದ್ದು ಗೇಮ್ ತಪ್ಪಾ, ಡ್ರೈವ್ ತಪ್ಪಾ?

ಹಳೇ ಕಾಮೊಡೋರ್ 64 ಹೋಮ್ ಕಂಪ್ಯೂಟರ್ ಇಟ್ಟುಕೊಂಡು 1541 ಫ್ಲಾಪಿ ಡ್ರೈವ್ ಹುಡುಕುತ್ತಿರುವವರು ಕೇಳುವ ಮೊದಲ ಪ್ರಶ್ನೆ ಇದೇ: ಒರಿಜಿನಲ್ ಗೇಮ್ ಡಿಸ್ಕ್ ಹಾಕಿದರೆ ಡ್ರೈವ್ ಹಾಳಾಗುತ್ತಂತೆ, ನಿಜವಾ? ನಿಜ. ಆದರೆ ಎಲ್ಲ ಗೇಮ್‌ನಿಂದಲೂ ಅಲ್ಲ, ಎಲ್ಲ 1541ಕ್ಕೂ ಅಲ್ಲ. ಕಾಪಿ ಪ್ರೊಟೆಕ್ಷನ್, ಅಂದರೆ ಗೇಮ್ ನಕಲು ಮಾಡದಂತೆ ಕಂಪನಿಗಳು ಡಿಸ್ಕ್‌ನಲ್ಲಿ ಇಡುವ ತಡೆ, ಅದರ ಮೇಲೆ ಎಲ್ಲರೂ ಹರಿಹಾಯುತ್ತಾರೆ, ಅದಕ್ಕೆ ಬೈಗುಳ ಸಲ್ಲಬೇಕಾದ್ದೇ, ಆದರೆ ಅರ್ಧ ಬೈಗುಳ ಈ ಡಬ್ಬಕ್ಕೂ ಸಲ್ಲಬೇಕು.

ಮೊದಲು ಡ್ರೈವ್ ಬಗ್ಗೆ. 1982ರಲ್ಲಿ ಬಂದದ್ದು. 5.25 ಇಂಚಿನ ಡಿಸ್ಕ್, ಒಂದೇ ಬದಿ, 35 ಟ್ರ್ಯಾಕ್ (ಡೇಟಾ ಬರೆಯುವ ಉಂಗುರದಂಥ ಸಾಲು), ಸುಮಾರು 170 ಕೆಬಿ ಜಾಗ. ಒಳಗೆ ತನ್ನದೇ 6502 ಪ್ರೊಸೆಸರ್, 2 ಕೆಬಿ ರ್‍ಯಾಮ್, ಡ್ರೈವ್ ನಡೆಸುವ ಪ್ರೋಗ್ರಾಂ ಇರುವ ರಾಮ್ (ROM) ಚಿಪ್ ಎಲ್ಲ ಇದೆ, ಅಂದರೆ ಡ್ರೈವೇ ಒಂದು ಕಂಪ್ಯೂಟರ್. ಇಷ್ಟೆಲ್ಲ ಇದ್ದೂ ಸೆಕೆಂಡಿಗೆ ಸುಮಾರು 400 ಬೈಟ್ ಮಾತ್ರ ಕಳಿಸುತ್ತದೆ. 40 ಕೆಬಿ ಗೇಮ್ ಲೋಡ್ ಆಗಲು ಒಂದೂವರೆ ನಿಮಿಷಕ್ಕಿಂತ ಜಾಸ್ತಿ ಬೇಕು. ನಿಧಾನವನ್ನು ಸಹಿಸಿಕೊಳ್ಳಬಹುದು. ಸದ್ದು ಬೇರೆ ಕಥೆ.

ಡಿಸ್ಕ್ ಓದುವ ಹೆಡ್ಡನ್ನು ಒಂದು ಸ್ಟೆಪರ್ ಮೋಟಾರ್ ಹೆಜ್ಜೆ ಹೆಜ್ಜೆಯಾಗಿ ಆ ಕಡೆ ಈ ಕಡೆ ಸರಿಸುತ್ತದೆ. ಹೆಡ್ ಈಗ ಯಾವ ಟ್ರ್ಯಾಕ್ ಮೇಲಿದೆ ಅಂತ ಡ್ರೈವ್‌ಗೆ ತಿಳಿಯಬೇಕಲ್ವಾ? ಅದಕ್ಕೆಂದೇ ಹೊರ ತುದಿಯಲ್ಲಿ ಒಂದು ಸೆನ್ಸರ್ ಇಡುವ ಪದ್ಧತಿ ಇತ್ತು. 1541ರಲ್ಲಿ ಅದು ಇಲ್ಲ. ಹಾಗಾಗಿ ಎಲ್ಲಿದ್ದೇನೆ ಅಂತ ಗೊತ್ತಾಗದಿದ್ದಾಗ ಅದು ಹೆಡ್ಡನ್ನು ಹೊರಗಡೆಗೆ 40ಕ್ಕೂ ಹೆಚ್ಚು ಟ್ರ್ಯಾಕ್‌ನಷ್ಟು ಎಳೆಯುತ್ತದೆ. ಇರುವುದೇ 35. ಕರೆಂಟ್ ಹೋದಾಗ ಗೋಡೆ ತಾಗುವವರೆಗೆ ನಡೆದು, ಸರಿ, ಇಲ್ಲಿದ್ದೇನೆ ಅಂದುಕೊಳ್ಳುವ ಹಾಗೆ. ಹೆಡ್ ತಡೆಗೆ ಬಡಿದ ಮೇಲೂ ಮೋಟಾರ್ ತಳ್ಳುತ್ತಲೇ ಇರುತ್ತದೆ, ಆಗ ಬರುವುದೇ ಆ ಕಟಕಟಕಟ. ಹೊಸ ಡಿಸ್ಕ್ ಫಾರ್ಮ್ಯಾಟ್ ಮಾಡುವಾಗಲೂ ಈ ಸದ್ದು ಬರುತ್ತದೆ. ಅಪರೂಪಕ್ಕೊಮ್ಮೆ ಆದರೆ ಏನೂ ಆಗುವುದಿಲ್ಲ.

ಇಲ್ಲಿಗೆ ಗೇಮ್ ಕಂಪನಿಗಳು ಬಂದವು. ಕಾಪಿ ತಡೆಯಲು ಅವರು ಶುರುವಿನಲ್ಲಿ ಕಂಡುಕೊಂಡ ಉಪಾಯ ತುಂಬಾ ಸರಳ: ಡಿಸ್ಕ್‌ನ ಒಂದು ಸೆಕ್ಟರನ್ನು (ಟ್ರ್ಯಾಕ್‌ನ ಒಂದು ತುಂಡನ್ನು) ಬೇಕಂತಲೇ ಕೆಡಿಸಿ ಮಾರುವುದು. ಸಾಮಾನ್ಯ ಕಾಪಿ ಪ್ರೋಗ್ರಾಂ ಒಳ್ಳೆಯ ಸೆಕ್ಟರ್ ಮಾತ್ರ ಬರೆಯಬಲ್ಲದು, ಕೆಟ್ಟದ್ದನ್ನು ಕೆಟ್ಟದ್ದಾಗಿಯೇ ನಕಲು ಮಾಡಲು ಅದಕ್ಕೆ ಬಾರದು. ಗೇಮ್ ಶುರುವಾದಾಗ ಆ ಸೆಕ್ಟರ್ ಓದಲು ಹೇಳುತ್ತದೆ, ಎರರ್ 21 ಅಥವಾ 23 ಅಂಥದ್ದೇನಾದರೂ ಬಂದರೆ ಡಿಸ್ಕ್ ಅಸಲಿ, ಎರರ್ ಬರದಿದ್ದರೆ ನಕಲಿ. ಜಾಣತನವೇ. ಆದರೆ ಈ ಎರರ್ ಬೇಕಂತ ಇಟ್ಟದ್ದು ಅಂತ ಡ್ರೈವ್‌ಗೆ ಯಾರು ಹೇಳಬೇಕು? ಅದು ಪಾಪ ಪ್ರಾಮಾಣಿಕವಾಗಿ ಮತ್ತೆ ಮತ್ತೆ ಓದಲು ನೋಡುತ್ತದೆ, ಹೆಡ್ಡನ್ನು ಅರ್ಧ ಟ್ರ್ಯಾಕ್ ಆಚೆ ಈಚೆ ಸರಿಸಿ ನೋಡುತ್ತದೆ, ಕೊನೆಗೆ ದಾರಿ ತಪ್ಪಿದ್ದೇನೆ ಅಂದುಕೊಂಡು ಹೆಡ್ಡನ್ನು ತಡೆಗೆ ಬಡಿದು ಮೊದಲಿಂದ ಎಣಿಸುತ್ತದೆ. ಪ್ರತಿ ಸಲ ಗೇಮ್ ಹಾಕಿದಾಗಲೂ ಇದೇ ಏಟು. ದುಡ್ಡು ಕೊಟ್ಟು ಕೊಂಡವನ ಡ್ರೈವ್‌ಗೆ ಏಟು, ಪ್ರೊಟೆಕ್ಷನ್ ಕಿತ್ತು ಹಾಕಿದ ಕಳ್ಳ ಕಾಪಿ ಆಡುವವನ ಡ್ರೈವ್ ಮಾತ್ರ ತಣ್ಣಗೆ ಓಡುತ್ತದೆ! ಇದಕ್ಕಿಂತ ಉಲ್ಟಾ ನ್ಯಾಯ ಬೇರೆ ಬೇಕಾ?

ಈ ಏಟಿಗೆ ಏನು ಹಾಳಾಗುತ್ತದೆ? ಹೆಡ್ ಅಲ್ಲ, ಅಲೈನ್‌ಮೆಂಟ್, ಅಂದರೆ ಹೆಡ್ ಟ್ರ್ಯಾಕ್ ಮೇಲೆ ಸರಿಯಾಗಿ ನಿಲ್ಲುವ ಹೊಂದಾಣಿಕೆ. ಮೋಟಾರ್ ಶಾಫ್ಟ್ ಮೇಲೆ ಒಂದು ಪುಟ್ಟ ಪುಲ್ಲಿ, ಅದಕ್ಕೆ ಸುತ್ತಿದ ತೆಳ್ಳಗಿನ ಸ್ಟೀಲ್ ಪಟ್ಟಿ, ಆ ಪಟ್ಟಿಯೇ ಹೆಡ್ಡನ್ನು ಎಳೆಯುವುದು. ಮೊದಲ ಕಾಲದ ಡ್ರೈವ್‌ಗಳಲ್ಲಿ ಪುಲ್ಲಿಯನ್ನು ಶಾಫ್ಟ್‌ಗೆ ಬಿಗಿಯಾಗಿ ಒತ್ತಿ ಕೂರಿಸಿದ್ದಾರೆ ಅಷ್ಟೇ, ಪಿನ್ ಇಲ್ಲ, ಸ್ಕ್ರೂ ಇಲ್ಲ. ಬಡಿದು ಬಡಿದು ಅದು ಕೂದಲೆಳೆಯಷ್ಟು ಜಾರುತ್ತದೆ. ಎರಡು ಟ್ರ್ಯಾಕ್ ನಡುವೆ ಇರುವ ಅಂತರವೇ ಅರ್ಧ ಮಿಲಿಮೀಟರ್ ಚಿಲ್ಲರೆ, ಅಷ್ಟು ಜಾರಿದರೂ ಸಾಕು. ಸಾಲದ್ದಕ್ಕೆ ಪವರ್ ಸಪ್ಲೈ ಕೂಡ ಅದೇ ಪೆಟ್ಟಿಗೆಯೊಳಗೆ, ಮೇಲೆ ಕೈ ಇಟ್ಟರೆ ಬಿಸಿ ಬಿಸಿ.

ಈ ಕಾಯಿಲೆಯ ತಮಾಷೆ ಅಂದರೆ ಇದು ಬೇಗ ಕಾಣುವುದಿಲ್ಲ. ನಿಮ್ಮ ಡ್ರೈವ್‌ನಲ್ಲೇ ಫಾರ್ಮ್ಯಾಟ್ ಮಾಡಿ ಬರೆದ ಡಿಸ್ಕ್ ನಿಮ್ಮಲ್ಲಿ ಚೆನ್ನಾಗಿಯೇ ಓದುತ್ತದೆ, ಯಾಕೆಂದರೆ ಬರೆದದ್ದೂ ಅದೇ ವಕ್ರದಲ್ಲಿ. ಅಂಗಡಿಯಿಂದ ತಂದ ಡಿಸ್ಕ್ ಮಾತ್ರ ಓದುವುದಿಲ್ಲ, ಗೆಳೆಯನ ಡಿಸ್ಕ್ ಓದುವುದಿಲ್ಲ, ನಿಮ್ಮದು ಅವನಲ್ಲಿ ಓದುವುದಿಲ್ಲ. ರಿಪೇರಿ ಮಾಡುವವರು ಹೆಡ್ಡನ್ನು ಸರಿಯಾದ ಜಾಗಕ್ಕೆ ತಂದು, ಪುಲ್ಲಿ ಮತ್ತೆ ಜಾರದ ಹಾಗೆ ಶಾಫ್ಟ್‌ಗೆ ತೂತು ಕೊರೆದು ಪಿನ್ ಹೊಡೆಯುತ್ತಿದ್ದರು.

ಡ್ರೈವ್‌ಗೂ ಅರ್ಧ ಬೈಗುಳ ಅಂತ ಯಾಕಂದೆ ಅಂದರೆ, ಆಪಲ್‌ನ ಡಿಸ್ಕ್ 2 ನೋಡಿ. 1978ರದ್ದು, ವೋಜ್ನಿಯಾಕ್ ಕೈಚಳಕ. ಅದರಲ್ಲೂ ಸೆನ್ಸರ್ ಇಲ್ಲ, ಕಂಪ್ಯೂಟರ್ ಬೂಟ್ ಆದಾಗಲೆಲ್ಲ ಗರಗರ ಅಂತ ತಡೆಗೆ ಬಡಿಯುತ್ತದೆ. ಆದರೆ ಅದರ ಹೆಡ್ ಸರಿಯುವುದು ಸುರುಳಿ ಕಾಲುವೆ ಕೊರೆದ ತಟ್ಟೆಯಿಂದ, ಒತ್ತಿ ಕೂರಿಸಿದ ಪುಲ್ಲಿಯಿಂದಲ್ಲ. ಬಡಿತಕ್ಕೆ ಅಲೈನ್‌ಮೆಂಟ್ ಹೋಗುತ್ತದೆ ಅನ್ನುವ ಕೆಟ್ಟ ಹೆಸರು ಅದಕ್ಕೆ ಬರಲಿಲ್ಲ.

ಹಾಗಂತ ಗೇಮ್ ಕಂಪನಿಗಳನ್ನು ಸುಮ್ನೆ ಬಿಡುವ ಹಾಗಿಲ್ಲ. ಡ್ರೈವ್‌ನ ಮೆಮೊರಿಯಲ್ಲಿ 106ನೇ ಜಾಗಕ್ಕೆ 133 ಅಂತ ಬರೆದರೆ ಎರರ್ ಬಂದಾಗ ಹೆಡ್ ಬಡಿಯುವುದೇ ನಿಲ್ಲುತ್ತದೆ. 5 ಅಂದರೆ ಎಷ್ಟು ಸಲ ಓದಿ ನೋಡಬೇಕು ಅಂತ, ಮೇಲಿನ 128 ಅಂದರೆ ಬಡಿಯಬೇಡ ಅಂತ. ಒಂದೇ ಸಾಲಿನ ಕೆಲಸ! ಇಷ್ಟನ್ನೂ ಮಾಡದೆ ಡಿಸ್ಕ್ ಮಾರಿದವರಿಗೆ ಏನು ಹೇಳುವುದು. ಆಮೇಲೆ ಬಂದ ವಿ-ಮ್ಯಾಕ್ಸ್, ರ್‍ಯಾಪಿಡ್‌ಲಾಕ್ ಥರದ ಪ್ರೊಟೆಕ್ಷನ್‌ಗಳು ತಮ್ಮದೇ ಕೋಡನ್ನು ಡ್ರೈವ್‌ಗೆ ಇಳಿಸಿ ಟ್ರ್ಯಾಕನ್ನು ನೇರವಾಗಿ ಓದುತ್ತವೆ, ಕೆಟ್ಟ ಸೆಕ್ಟರ್ ಓದಿಸಿ ರಾಮ್‌ನ ಗಾಬರಿ ಎಬ್ಬಿಸುವ ಗೋಜಿಲ್ಲ, ಆ ಬಡಿತವೂ ಇಲ್ಲ. ಮುರಿಯಲು ಅವು ಜಾಸ್ತಿ ಕಷ್ಟ, ಡ್ರೈವ್‌ಗೆ ಜಾಸ್ತಿ ಸೌಮ್ಯ.

ಈಗ ಕೊಳ್ಳುವವರಿಗೆ. 1988ರ 1541-2 ಸಿಕ್ಕರೆ ಅದನ್ನೇ ತಗೊಳ್ಳಿ, ಪವರ್ ಸಪ್ಲೈ ಹೊರಗಿದೆ, ಪೆಟ್ಟಿಗೆ ಚಿಕ್ಕದು, ಬಿಸಿ ಕಡಿಮೆ. ಮೊದಲ ಮಾದರಿಯನ್ನು ನೋಡಲು ಹೋದರೆ ಅವರದೇ ಡಿಸ್ಕ್ ಹಾಕಿ ತೋರಿಸಿದ್ದನ್ನು ನಂಬಬೇಡಿ. ಕಂಪನಿಯಿಂದ ಬಂದ ಒಂದು ಒರಿಜಿನಲ್ ಡಿಸ್ಕ್ ಕೈಯಲ್ಲಿ ಹಿಡಿದುಕೊಂಡು ಹೋಗಿ, ಅದು ಓದಿದರೆ ಮಾತ್ರ ದುಡ್ಡು ಎಣಿಸಿ. ಬರೀ ಗೇಮ್ ಆಡುವುದಾದರೆ ಡ್ರೈವೇ ಬೇಡ, ರಾಸ್ಪ್‌ಬೆರಿ ಪೈ ಅನ್ನುವ ಪುಟ್ಟ ಕಂಪ್ಯೂಟರ್ ಮೇಲೆ ಓಡುವ ಪೈ1541 ಸಾಕು. ಅದು 1541ರ ಪ್ರೊಸೆಸರನ್ನೇ ಪೂರ್ತಿ ಅನುಕರಿಸುವುದರಿಂದ, ಜಿ64 ಫೈಲ್ (ಪ್ರೊಟೆಕ್ಷನ್ ಸಮೇತ ಡಿಸ್ಕ್‌ನ ಪಡಿಯಚ್ಚು) ಸಿಕ್ಕರೆ ಪ್ರೊಟೆಕ್ಷನ್ ಇರುವ ಗೇಮ್‌ಗಳೂ ಓಡುತ್ತವೆ. ಎಸ್‌ಡಿ ಕಾರ್ಡ್‌ನಿಂದ ಗೇಮ್ ಲೋಡ್ ಮಾಡುವ ಅಗ್ಗದ ಎಸ್‌ಡಿ2ಐಇಸಿಯಲ್ಲಿ ಆ ಆಸೆ ಇಟ್ಟುಕೊಳ್ಳಬೇಡಿ. ನಿಜವಾದ ಡ್ರೈವೇ ಬೇಕು ಅನ್ನುವ ಹಟ ಇದ್ದರೆ 1541-2ಕ್ಕೆ ನನ್ನ ಕಡೆಯಿಂದ ಐದಕ್ಕೆ ನಾಲ್ಕು, ಮೊದಲ ಮಾದರಿಗೆ ಎರಡೂವರೆ. ಪಿನ್ ಹೊಡೆಸಿದ್ದಾದರೆ ಮೂರು.